ಸಿಂಹಳದಲ್ಲಿ ಮೂರು ಆಟ, ಒಂದು ಸೀಟಿ

ನಾನು ಸಮುದ್ರ ದಾಟಿ ಬಂದವನು. ದಾಟಿದ್ದು ಎರಡು ತಾಸಿನ ಸಮುದ್ರ ಎಂಬುದನ್ನು ನಾನಾಗಿ ಯಾರಿಗೂ ಹೇಳುವುದಿಲ್ಲ. ಕೇಳಿದರೆ ಮುಚ್ಚಿಡುವುದೂ ಇಲ್ಲ. ಧಾರವಾಡದಲ್ಲಿ ವಿಲಾಯತಿಗೆ ಹೋಗಿ ಬಂದ ದೊಡ್ಡವರು ನಾಲ್ಕಾರು ಮಂದಿ ಇದ್ದಾರೆ. ಅವರು ಮಾತಿಗೊಮ್ಮೆ “ನಾವು ಅಲ್ಲಿದ್ದಾಗ” ಎನ್ನುತ್ತಾರೆ. ಸಿಂಹಳದಿಂದ ಬಂದ ಹೊಸದರಲ್ಲಿ ನಾನೂ ಒಮ್ಮೆ ಹಾಗೆ ಅಂದು ನೋಡಿದೆ. “ಎಲ್ಲಿ, ಗದಗಿನಾಗೇನು?” ಎಂದು ನಮ್ಮ ಅಣ್ಣ ಕೇಳಿದ. ಅಂದಿನಿಂದ ಬಾಯಲ್ಲಿ ಹೇಳುವುದನ್ನು ಬಿಟ್ಟೆ. ಬರೆದರೆ ನಡುವೆ ಬಾಯಿ ಹಾಕುವವರು ಇರುವುದಿಲ್ಲ.

ಧಾರವಾಡ

ಮೊದಲು ನನ್ನ ಉದ್ಯೋಗ ಹೇಳಬೇಕು. ಇಲ್ಲಿಯ ಒಂದು ಕಾಲೇಜಿನಲ್ಲಿ ನಾನು ಬಾಸ್ಕೆಟ್‌ಬಾಲ್ ಆಟದ ಅಸಿಸ್ಟಂಟ್ ಕೋಚ್. ಅಸಿಸ್ಟಂಟ್ ಅಂದರೆ ಏನು ಕೆಲಸ ಎಂದು ನನ್ನ ಹೆಂಡತಿ ಕರುಣಾ ಮದುವೆಯ ಹೊಸದರಲ್ಲಿ ಕೇಳಿದ್ದಳು. ಅಂಗಳಕ್ಕೆ ನೀರು ಹೊಡೆಸಿ ರೋಲರ್ ಎಳೆಸುವುದು, ಸುಣ್ಣದ ಗೆರೆ ಹಾಕುವುದು, ಚೆಂಡಿನ ಚರ್ಮಕ್ಕೆ ಎಣ್ಣೆ ತಿಕ್ಕುವುದು, ಒಳಗಿನ ಬ್ಲ್ಯಾಡರ್ ತೂತಾದರೆ ತೇಪೆ ಹಚ್ಚುವುದು, ಸೋತರೆ ಬೈಸಿಕೊಳ್ಳುವುದು ಎಂದೆ. ಗೆದ್ದರೆ ಎಂದು ಕೇಳಿದಳು. ಗೆದ್ದರೆ ಫೋಟೋದ ಹಿಂದಿನ ಸಾಲಿನಲ್ಲಿ ನಿಲ್ಲುವುದು ಎಂದೆ.

ಹಾಗೆಂದು ನಾನು ಮೊದಲಿನಿಂದಲೂ ಹಿಂದಿನ ಸಾಲಿನವನಲ್ಲ. ಇದೇ ಕಾಲೇಜಿಗೆ ನಾಲ್ಕು ವರ್ಷ ಆಡಿದ್ದೇನೆ. ನಾನು ಎದೆಯ ಮಟ್ಟದಿಂದ ಎರಡೂ ಕೈಯಲ್ಲಿ ಚೆಂಡು ತೂರಿದರೆ ಅದು ಕಬ್ಬಿಣದ ಬಳೆಯನ್ನು ಮುಟ್ಟದೆ ಬುಟ್ಟಿಗೆ ಇಳಿಯುತ್ತಿತ್ತು ಎಂದು ಹೇಳುವವರು ಈಗಲೂ ಇಬ್ಬರಿದ್ದಾರೆ. ಅವರಲ್ಲಿ ಒಬ್ಬ ನಾನು. ಕೊನೆಯ ವರ್ಷ ಮಳೆ ಬಿದ್ದ ಎರೆನೆಲದಲ್ಲಿ ಜಾರಿ ಮೊಣಕಾಲು ತಿರುಚಿತು. ಆಡಲು ಬಾರದವನು ಆಡಿಸುತ್ತಾನೆ ಎಂದು ಕಾಲೇಜಿನವರು ಅಲ್ಲೇ ಇಟ್ಟುಕೊಂಡರು. ಹಾಗೆ ಇಟ್ಟುಕೊಂಡು ಎಂಟು ವರ್ಷವಾಗಿತ್ತು.

ಸಿಂಹಳದ ಮೂರು ಕಾಲೇಜುಗಳಿಂದ ನಮ್ಮ ತಂಡಕ್ಕೆ ಕರೆ ಬಂದಾಗ ಹೊರಡಬೇಕಾಗಿದ್ದವರು ನಮ್ಮ ಡೈರೆಕ್ಟರ್ ಸಾಹೇಬರು. ಆಟದ ವಿಭಾಗಕ್ಕೆಲ್ಲ ಅವರೇ ಮುಖ್ಯಸ್ಥರು. ಕರೆ ಬಂದ ಸಂತೋಷಕ್ಕೆ ಅವರು ಸಂಜೆ ಸೈಕಲ್ ಹತ್ತಿ ಕೆಲಗೇರಿಯ ಕಡೆಗೆ ಹೋದರು. ಕೆರೆಯ ಏರಿಯ ಮೇಲೆ ಎಮ್ಮೆಯೊಂದು ಅಡ್ಡ ಬಂದಿತು. ಎಮ್ಮೆಗೆ ಏನೂ ಆಗಲಿಲ್ಲ. ಮರುದಿನ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

“ಕೂಡ್ರಿ ದೇವದಾನ. ಸಾಹೇಬ್ರ ಕೈ ಮುರದದ. ಹುಡುಗೂರನ್ನ ಕರಕೊಂಡು ನೀವ ಹೋಗಬೇಕು.”

“ಹೋಗತೇನ್ರಿ ಸರ್.”

“ಇನ್ನೊಂದು ಮಾತು. ಬರೋ ಜೂನಿಗೆ ಅವರು ರಿಟಾಯರ್ ಆಗತಾರ. ಅವರ ಜಾಗಾಕ್ಕ ನಿಮ್ಮ ಹೆಸರು ಹೇಳಬೇಕಂತ ನಾ ಮಾಡೇನಿ. ಕಮಿಟಿಯವರು ಮಾತ್ರ ಬೆಳಗಾವಿ ಪಲ್ಟನ್ನಿನಿಂದ ಒಬ್ಬ ಸುಭೇದಾರರನ್ನ ತರೋಣ ಅನ್ನಾಕತ್ತಾರ. ಮೂರು ಆಟದಾಗ ಒಂದರೇ ಗೆದ್ದು ಬರ್ರಿ. ಅವರ ಮುಂದ ಇಡಾಕ ನನ್ನ ಕೈಯಾಗೂ ಏನರೇ ಬೇಕಲ್ಲ.”

ಆ ಹುದ್ದೆಗೆ ಕಾಲೇಜಿನ ಆವರಣದಲ್ಲೇ, ಆಟದ ಅಂಗಳದ ಪಕ್ಕ, ಬಾವಿಯಿದ್ದ ಒಂದು ಮನೆ ಇತ್ತು. ಆಗ ನಾವಿದ್ದದ್ದು ಅಣ್ಣನ ಮನೆಯ ಹಿಂದಿನ ಒಂದೇ ಖೋಲಿಯಲ್ಲಿ. ಒಲೆಗೂ ಹಾಸಿಗೆಗೂ ನಡುವೆ ಹಳೆಯ ಸೀರೆಯ ಪರದೆ. ನಾನು ಸುದ್ದಿ ಹೇಳಿದಾಗ ಕರುಣಾ ಎದ್ದು ಹೊರಗೆ ಹೋದಳು. ಅರ್ಧ ತಾಸಿನ ಮೇಲೆ ಬಂದು, “ಆ ಮನಿ ಕಿಡಕಿ ನೋಡಿ ಬಂದೆ. ಒಟ್ಟು ಐದದಾವು. ಪರದಾಕ್ಕ ಅರಬಿ ಏಳು ಗಜ ಬೇಕಾಗತೈತಿ,” ಎಂದಳು. ಅದು ನನಗೆ ಕೊಟ್ಟ ಹುಕುಮು. ಇನ್ನು ಗೆಲ್ಲದೆ ಬೇರೆ ದಾರಿ ಇರಲಿಲ್ಲ.

ಮಂಡಪ

ಎಂಟು ಹುಡುಗರು, ಎರಡು ಚೆಂಡು, ಒಂದು ಪಂಪು, ಕಟಕ ರೊಟ್ಟಿಯ ನಾಲ್ಕು ಗಂಟು, ಶೇಂಗಾ ಚಟ್ನಿಯ ಒಂದು ಡಬ್ಬಿ. ಹುಬ್ಬಳ್ಳಿಯಲ್ಲಿ ಗಾಡಿ ಹತ್ತಿ ಗುಂತಕಲ್ಲು, ಮದ್ರಾಸು ದಾಟುವ ಹೊತ್ತಿಗೆ ಡಬ್ಬಿ ಖಾಲಿಯಾಗಿತ್ತು, ರೊಟ್ಟಿ ಉಳಿದಿತ್ತು. ತಂಡದ ನಾಯಕ ವೆಂಕಟೇಶ ಮಾಳಮಡ್ಡಿಯ ಹುಡುಗ, ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು. ಎಲ್ಲರಿಗಿಂತ ಎತ್ತರದವನು ಬಸವರಾಜ, ಉಪ್ಪಿನಬೆಟಗೇರಿಯವನು. ಅವನಿಗೆ ಯಾವ ಭಾಷೆಯಲ್ಲೂ ಹೆಚ್ಚು ಮಾತು ಬೇಕಿರಲಿಲ್ಲ. ಅವನು ಕೈ ಎತ್ತಿದರೆ ಬುಟ್ಟಿ ಅರ್ಧ ದಾರಿಗೆ ಇಳಿದು ಬಂದಂತೆ ಕಾಣುತ್ತಿತ್ತು.

ಸಿಂಹಳಕ್ಕೆ ಹೋಗುವ ಮೂರನೇ ಕ್ಲಾಸಿನವರನ್ನೆಲ್ಲ ರಾಮೇಶ್ವರದ ಈಚೆ ಮಂಡಪ ಎಂಬ ಊರಿನಲ್ಲಿ ಇಳಿಸಿ ಡಾಕ್ಟರು ತಪಾಸಣೆ ಮಾಡುತ್ತಾರೆ. ಅಲ್ಲಿ ಇಳಿಯುವವರಲ್ಲಿ ಹೆಚ್ಚಿನವರು ಚಹಾ ತೋಟದ ಕೆಲಸಕ್ಕೆ ಹೊರಟವರು. ನಮ್ಮ ಹುಡುಗರೂ ಬರಿಗಾಲು, ಬಿಸಿಲಿಗೆ ಕರಕಾದ ಮುಖ, ತಲೆಯ ಮೇಲೆ ಗಂಟು. ಡಾಕ್ಟರು ಎಂಟು ಮಂದಿಯ ನಾಲಿಗೆ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಬಸವರಾಜನ ತೋಳು ಹಿಡಿದು ನೋಡಿ ಮೆಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, ಯಾವ ತೋಟಕ್ಕೆ ಒಯ್ಯುತ್ತಿದ್ದೀರಿ ಎಂದು ಕೇಳಿದರು. ಅವರ ಕಣ್ಣಿಗೆ ನಾನು ಕೂಲಿಗಳ ಮೇಸ್ತ್ರಿಯಾಗಿದ್ದೆ. ವೆಂಕಟೇಶ ಮುಂದೆ ಬಂದು ಉದ್ದವಾದ ಇಂಗ್ಲಿಷು ವಾಕ್ಯವೊಂದನ್ನು ಹೇಳಿದ. ಇಷ್ಟು ಕಲಿತವರು ತೋಟಕ್ಕೆ ಯಾಕೆ ಹೋಗುತ್ತೀರಿ ಎಂದು ಡಾಕ್ಟರು ಮರುಗಿದರು.

ಕಡೆಗೆ ಚೆಂಡನ್ನೇ ಹೊರಗೆ ತೆಗೆದೆವು. ಆಟದ ರೀತಿಯನ್ನು ವಿವರಿಸಿದೆವು. ಬುಟ್ಟಿಗೆ ತಳವೇ ಇಲ್ಲ ಎಂದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಹಾಕಿ ಏನು ಉಪಯೋಗ?” ಎಂದರು. ಎಂಟು ವರ್ಷ ಅದೇ ಕೆಲಸ ಮಾಡಿದ ನಾನು ಚೆಂಡನ್ನು ಮತ್ತೆ ಚೀಲಕ್ಕೆ ತುರುಕಿದೆ. ಪಾಪ, ನಕ್ಕು ಚೀಟಿ ಕೊಟ್ಟರು.

ಧನುಷ್ಕೋಟಿಯಲ್ಲಿ ಹಡಗು ಹತ್ತಿದ ಮೇಲೆ ಬಸವರಾಜ ಕಟಕಟೆ ಹಿಡಿದು ಬಹಳ ಹೊತ್ತು ನಿಂತಿದ್ದ. “ಸರ್, ಇದಕ್ಕ ದಂಡಿ ಇಲ್ಲೇನ್ರಿ?” ಎಂದು ಕೇಳಿದ. ಇದೆ, ಆ ಕಡೆ ಇದೆ ಎಂದೆ. ಅಷ್ಟಕ್ಕೇ ನನ್ನ ಹೊಟ್ಟೆ ತೊಳಸಿತು. ಎಂಟು ಹುಡುಗರಲ್ಲಿ ಒಬ್ಬನಿಗೂ ಏನೂ ಆಗಲಿಲ್ಲ. ಉಳಿದ ಸಮುದ್ರವನ್ನು ನಾನು ಒಂದು ಬಕೆಟ್ಟಿನ ಮೂಲಕ ನೋಡಿದೆ.

ಜಾಫ್ನಾ

ಜಾಫ್ನಾದ ಮನೆಗಳಿಗೆಲ್ಲ ತಾಳೆಗರಿಯ ಎತ್ತರದ ಬೇಲಿ. ಬೀದಿಯಲ್ಲಿ ನಿಂತರೆ ಒಳಗೆ ಯಾರಿದ್ದಾರೆ ಕಾಣುವುದಿಲ್ಲ. ನಮ್ಮ ಓಣಿಗಳಲ್ಲಿ ಒಲೆಯ ಮೇಲೆ ಏನು ಕುದಿಯುತ್ತಿದೆ ಎಂಬುದೂ ದಾರಿಹೋಕನಿಗೆ ಗೊತ್ತಿರುತ್ತದೆ. ನಮ್ಮನ್ನು ಎರಡು ಮನೆಗಳಲ್ಲಿ ಇಳಿಸಿದ್ದರು. ಬೆಳಿಗ್ಗೆ ಎಲೆಯ ಮೇಲೆ ಬಿಳಿಯ ಶಾವಿಗೆಯ ಸಣ್ಣ ಸಣ್ಣ ಸಿಂಬಿಗಳನ್ನು ಬಡಿಸಿ, ಪಕ್ಕದಲ್ಲಿ ಖಾರದ ಸಾರು ಇಟ್ಟರು. ಬಸವರಾಜ ಎಲೆಗೆ ಕೈ ಹಾಕಲಿಲ್ಲ. ಏನು ಬೇಕು ಎಂದು ಮನೆಯ ತಾಯಿ ಸನ್ನೆಯಿಂದ ಕೇಳಿದರು. “ಶ್ಯಾವಿಗಿಗೆ ಹಾಲು ಬೆಲ್ಲ ಹಾಕ್ತಾರಲ್ರಿ ಸರ್,” ಎಂದ ನನಗೆ. ಆ ತಾಯಿ ತಾಳೆಬೆಲ್ಲ ಪುಡಿ ಮಾಡಿ, ತೆಂಗಿನ ಹಾಲು ಸುರಿದು ಕೊಟ್ಟರು. ಅವನು ತಿನ್ನುವುದನ್ನು ನೋಡಿ ಮನೆಯ ಮಕ್ಕಳೆಲ್ಲ ತಮಗೂ ಹಾಗೇ ಬೇಕೆಂದು ಹಟ ಹಿಡಿದರು. ಮೂರು ದಿನದಲ್ಲಿ ನಾವು ಜಾಫ್ನಾದಲ್ಲಿ ಸಾಧಿಸಿದ್ದು ಅದೊಂದೇ.

ಆಟದ ವಿಷಯಕ್ಕೆ ಬಂದರೆ, ಸಿಂಹಳದಲ್ಲೆಲ್ಲ ಒಂದು ರೂಢಿ ಇತ್ತು. ಆಟಕ್ಕೆ ಎರಡು ಸೀಟಿ. ರೆಫರಿಯದು ಒಂದು, ಅವನು ಊರವನು. ಎರಡನೆಯದು ಅಂಪೈರಿನದು, ಅದನ್ನು ಬಂದ ತಂಡದ ಕೋಚಿನ ಕೊರಳಿಗೆ ಹಾಕುತ್ತಾರೆ. ಒಬ್ಬನಿಗೆ ಕಾಣದ ತಪ್ಪು ಇನ್ನೊಬ್ಬನಿಗೆ ಕಾಣಲಿ ಎಂದು. ಇದರಿಂದ ನನಗೆ ಮರ್ಯಾದೆ ಬಂದಿತು, ಆದರೆ ನನ್ನ ಹುಡುಗರಿಗೆ ಒಂದು ಮಾತು ಹೇಳುವ ಹಾಗಿರಲಿಲ್ಲ.

ನಮ್ಮ ಹುಡುಗರಿಗೂ ಒಂದು ರೂಢಿ ಇತ್ತು. ಯಾರಿಗಾದರೂ ಕಾಲು ತಗುಲಿದರೆ ಬಗ್ಗಿ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ನಮ್ಮಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ, ಯಾರೂ ಬಿಡುವುದೂ ಇಲ್ಲ. ನಮ್ಮದು ಮೂರು ತಲೆಮಾರಿನ ಕ್ರೈಸ್ತ ಮನೆ. ನಮ್ಮಪ್ಪ ಬೈಬಲ್ಲಿಗೆ ಕಾಲು ತಗುಲಿದರೆ ಅದನ್ನೇ ಕಣ್ಣಿಗೊತ್ತಿಕೊಳ್ಳುತ್ತಿದ್ದರು, ಯಾವ ಪಾದ್ರಿಗೂ ಬಿಡಿಸಲಾಗಲಿಲ್ಲ. ಧಾರವಾಡದ ಅಂಗಳದಲ್ಲಿ ಎರಡೂ ಕಡೆಯವರು ಹಾಗೆ ಮಾಡುವುದರಿಂದ ಯಾರಿಗೂ ನಷ್ಟವಿರಲಿಲ್ಲ. ಜಾಫ್ನಾದಲ್ಲೂ ಅದೇ ಆಯಿತು. ಬಸವರಾಜನ ಕಾಲು ಎದುರಾಳಿಗೆ ತಗುಲಿತು. ಇವನು ಬಗ್ಗಿ ಅವನನ್ನು ಮುಟ್ಟಿದ. ಅವನೂ ಬಗ್ಗಿ ಇವನನ್ನು ಮುಟ್ಟಿದ. ಇಬ್ಬರೂ ಕಣ್ಣಿಗೊತ್ತಿಕೊಳ್ಳುತ್ತಿರುವಾಗ ಅವರ ಕಡೆಯ ಮೂರನೆಯವನೊಬ್ಬ ಚೆಂಡು ಎತ್ತಿಕೊಂಡು ಹೋಗಿ ಬುಟ್ಟಿಗೆ ಹಾಕಿದ. ಭಕ್ತಿ ಕಡಿಮೆಯಿದ್ದವರು ಗೆದ್ದರು. ಒಂಬತ್ತು ಪಾಯಿಂಟಿನಿಂದ ಸೋತೆವು.

ಕ್ಯಾಂಡಿ

ಕ್ಯಾಂಡಿ ಗುಡ್ಡಗಳ ನಡುವಿನ ತಂಪಾದ ಊರು, ಮಧ್ಯದಲ್ಲಿ ಕೆರೆ. ಅಲ್ಲಿಯ ವಯಸ್ಸಾದ ಸ್ಟೇಷನ್ ಮಾಸ್ತರರು ತಲೆಯ ಹಿಂದೆ ತುರುಬು ಕಟ್ಟಿ, ಅದರ ಮೇಲೆ ಆಮೆಚಿಪ್ಪಿನ ಅರ್ಧಚಂದ್ರದ ಬಾಚಣಿಗೆ ಸಿಕ್ಕಿಸಿಕೊಂಡಿದ್ದರು. ಬಾಚಿಕೊಳ್ಳುತ್ತಾ ಮರೆತು ಬಂದಿದ್ದಾರೆಂದು ತಿಳಿದು ವೆಂಕಟೇಶ ಸೌಜನ್ಯದಿಂದ ತನ್ನ ತಲೆ ಮುಟ್ಟಿ ತೋರಿಸಿದ. ಅವರೂ ಸೌಜನ್ಯದಿಂದ ವೆಂಕಟೇಶನ ಬೋಳು ಕತ್ತರಿಸಿದ ತಲೆ ನೋಡಿ, ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ಕೇಳಿದರು.

ಅಲ್ಲಿಯ ಹಾಸ್ಟೆಲಿನಲ್ಲಿ ಕಾಯಿತುರಿಯ ಕೆಂಪು ಚಟ್ನಿ ಬಡಿಸಿದರು. ಶೇಂಗಾ ಚಟ್ನಿಯ ಡಬ್ಬಿ ಖಾಲಿಯಾದಾಗಿನಿಂದ ಸಪ್ಪಗಿದ್ದ ಹುಡುಗರು ಮೂರು ಮೂರು ಸಲ ಹಾಕಿಸಿಕೊಂಡರು. ಅದರಲ್ಲಿ ಒಣಮೀನಿನ ಪುಡಿ ಇರುತ್ತದೆ ಎಂದು ನನಗೆ ಮೊದಲ ತುತ್ತಿಗೇ ಗೊತ್ತಾಯಿತು. ಅವರಿಗೆ ಗೊತ್ತಾದದ್ದು ಕೈ ತೊಳೆದ ಮೇಲೆ. ಎಲ್ಲರೂ ಹೋಗಿ ಮತ್ತೊಮ್ಮೆ ಕೈ ತೊಳೆದು ಬಂದರು. “ಸರ್, ಇದು ಊರಿಗೆ ಹೋಗಿ ಹೇಳೂ ಸುದ್ದಿ ಅಲ್ರಿ,” ಎಂದ ಒಬ್ಬ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹೆಸರು ಬರೆದಿಲ್ಲವಾದ್ದರಿಂದ ಮಾತಿಗೆ ತಪ್ಪಿಲ್ಲ.

ಕ್ಯಾಂಡಿಯ ತಂಡದವರೆಲ್ಲ ಕ್ಯಾನ್ವಾಸ್ ಬೂಟಿನವರು. ಬಸವರಾಜನ ಬರಿಗಾಲು ಒಬ್ಬನ ಬೂಟಿನ ಮೇಲೆ ಬಿತ್ತು. ನೋವಾದದ್ದು ಬಸವರಾಜನಿಗೆ. ಆದರೂ ಬಗ್ಗಿ ಆ ಬೂಟು ಮುಟ್ಟಿದ. ರೆಫರಿ ಸೀಟಿ ಊದಿ, ಎದುರಾಳಿಯ ಕಾಲು ಹಿಡಿದದ್ದಕ್ಕೆ ಫೌಲ್ ಕೊಟ್ಟರು. ಎರಡನೆಯ ಸಲ ತೋಳು ಮುಟ್ಟಿದ, ತಳ್ಳಿದ್ದಕ್ಕೆ ಫೌಲ್. ನಾಲ್ಕು ಫೌಲಾದರೆ ಆಟದಿಂದ ಹೊರಗೆ. ಅರ್ಧ ಆಟ ಮುಗಿಯುವ ಮೊದಲೇ ನಮ್ಮ ಅತಿ ಎತ್ತರದ ಆಟಗಾರ ನಾಲ್ಕು ಸಲ ವಿನಯ ತೋರಿಸಿ ಬೆಂಚಿಗೆ ಬಂದು ಕೂತ. ಮೂರು ಪಾಯಿಂಟಿನಿಂದ ಸೋತೆವು. ಅವನಿದ್ದರೆ ಗೆಲ್ಲುತ್ತಿದ್ದೆವು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಕೊಲಂಬೊದ ಗಾಡಿಯಲ್ಲಿ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡೆ.

“ಬಸವರಾಜ, ನಾಳೆ ಆಟದಾಗ ಯಾರಿಗೆ ಕಾಲು ಹತ್ತಿದ್ರೂ ಬಗ್ಗಬ್ಯಾಡ. ಮುಟ್ಟಬ್ಯಾಡ.”

“ಕೈ ತಾನ ಹೋಗತೈತ್ರಿ ಸರ್.”

“ಹೋಗೂ ಕೈ ಹಿಂದ ಕಟ್ಟಿಕೋ.”

ಅವನು ಕಿಟಕಿಯ ಹೊರಗೆ ನೋಡಿದ. “ಹಂಗ ಬಿಟ್ಟರ ಮನಸ್ಸಿಗೆ ಹಿಡಸಂಗಿಲ್ರಿ. ಪಾಪ ಅನಸತೈತಿ.”

“ಪಾಪ ನನಗ ಹತ್ತಲಿ. ಸರ್ ಹೇಳ್ಯಾರ ಅಂತ ದೇವರಿಗೆ ಹೇಳು.”

ನಗುತ್ತಲೇ ಹೇಳಿದೆ. ಅವನು ನಗಲಿಲ್ಲ, ಆಯಿತು ಎಂದು ತಲೆ ಹಾಕಿದ. ಆಗ ನನ್ನ ತಲೆಯಲ್ಲಿ ಇದ್ದದ್ದು ಐದು ಕಿಟಕಿ, ಏಳು ಗಜ ಅರಬಿ.

ಕೊಲಂಬೊ

ಕೊಲಂಬೊದಲ್ಲಿ ಟ್ರಾಮುಗಳಿವೆ, ಸಮುದ್ರದ ದಂಡೆಯಲ್ಲಿ ಉದ್ದವಾದ ಹುಲ್ಲಿನ ಬಯಲು ಇದೆ. ಸಂಜೆ ಊರೆಲ್ಲ ಅಲ್ಲಿಗೆ ಬಂದು ಏನೂ ಮಾಡದೆ ಗಾಳಿ ತಿನ್ನುತ್ತದೆ. ನಮ್ಮವರು ಹೀಗೆ ಸುಮ್ಮನೆ ಕೂತರೆ ಮನೆಯಲ್ಲಿ ಜಗಳವೇ ಎಂದು ಕೇಳುತ್ತಾರೆ. ಆ ಊರಿನ ಉಳಿದ ಸಂಗತಿಗಳನ್ನು ಬರೆಯುವ ಹಾಗಿಲ್ಲ, ಏಕೆಂದರೆ ನಾನು ಏನನ್ನೂ ನೆಟ್ಟಗೆ ನೋಡಲಿಲ್ಲ. ಉಳಿದಿದ್ದದ್ದು ಒಂದೇ ಆಟ.

ಅಂಗಳ ಸಿಮೆಂಟಿನದು. ಸಂಜೆ ಐದಕ್ಕೂ ಬಿಸಿಯಾಗಿತ್ತು. ನಮ್ಮ ಹುಡುಗರು ಮೊದಲ ಹತ್ತು ನಿಮಿಷ ಕಾದ ಹೆಂಚಿನ ಮೇಲೆ ಕುಣಿದ ಹಾಗೆ ಆಡಿದರು, ಆಮೇಲೆ ಕಾಲು ಮರೆತು ಆಡಿದರು. ಬಸವರಾಜ ಎರಡು ಸಲ ಎದುರಾಳಿಗೆ ಕಾಲು ತಗುಲಿಸಿದ, ಎರಡು ಸಲವೂ ಕೈಯನ್ನು ಬೆನ್ನ ಹಿಂದೆ ಒಯ್ದ. ಅವನು ಅಷ್ಟು ಚೆನ್ನಾಗಿ ಆಡಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಗಡಿಯಾರ ಹಿಡಿದಿದ್ದ ಮಾಸ್ತರರು ಇನ್ನೊಂದು ನಿಮಿಷ ಎಂದು ಕೂಗಿದಾಗ ನಾವು ಇಪ್ಪತ್ತಮೂರು, ಅವರು ಇಪ್ಪತ್ತೆರಡು.

ಅವರ ಕಡೆಯ ಕುಳ್ಳ ಹುಡುಗನೊಬ್ಬ ಚೆಂಡು ತೆಗೆದುಕೊಂಡು ಬುಟ್ಟಿಯ ಕಡೆ ನುಗ್ಗಿದ. ಎಸೆಯಲು ಎರಡೂ ಕೈ ಎತ್ತಿದ. ಅಡ್ಡ ಬಂದ ಬಸವರಾಜನ ಪಾದ ಅವನ ಕಾಲಿನ ಹರಡಿಗೆ ಸಿಕ್ಕಿತು. ಹುಡುಗ ಮುಗ್ಗರಿಸಿ ಬಿದ್ದ, ಚೆಂಡು ಉರುಳಿ ವೆಂಕಟೇಶನ ಕೈಗೆ ಬಂತು. ರೆಫರಿ ಆಚೆ ಬದಿಯಲ್ಲಿದ್ದರು; ನಡುವೆ ವೆಂಕಟೇಶನ ಬೆನ್ನಿತ್ತು. ಬಿದ್ದವನಿಗೂ ತಾನು ಜಾರಿದೆನೋ ಏನೋ ಎಂಬ ಗೊಂದಲ. ನೋಡಿದವನು ನಾನೊಬ್ಬನೇ.

ಬಸವರಾಜನ ಬಲಗೈ ಕೆಳಗೆ ಹೋಯಿತು. ಮೊಣಕಾಲಿನವರೆಗೆ ಹೋಗಿ ನಿಂತಿತು. ಆಮೇಲೆ ಅವನು ಅದನ್ನು ಎಳೆದು ಬೆನ್ನ ಹಿಂದೆ ಇಟ್ಟುಕೊಂಡ, ಮುಖ ಎತ್ತಿ ನನ್ನನ್ನು ನೋಡಿದ.

ಆ ಕೈ ತಡೆಯಿಲ್ಲದೆ ಹೋಗಿದ್ದರೆ ಕಾಲು ತಗುಲಿದೆಯೆಂದು ರೆಫರಿಗೂ ಗೊತ್ತಾಗುತ್ತಿತ್ತು, ನನಗೆ ಏನೂ ಕೆಲಸವಿರುತ್ತಿರಲಿಲ್ಲ. ಬಸವರಾಜನ ತಪ್ಪು ತಾನಾಗಿ ಬಾಯಿಬಿಡುತ್ತಿದ್ದ ದಾರಿಯನ್ನು ನಿನ್ನೆ ಗಾಡಿಯಲ್ಲಿ ಕೂತು ನಾನೇ ಮುಚ್ಚಿದ್ದೆ. ಸೀಟಿ ನನ್ನ ಹಲ್ಲಿನ ನಡುವೆ ಇತ್ತು. ಆ ಕ್ಷಣದಲ್ಲಿ ನನಗೆ ಪ್ರಾಮಾಣಿಕತೆ, ಧರ್ಮ ಇವೆಲ್ಲ ನೆನಪಾದವು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ನಾಚಿಕೆಯಾಯಿತು, ಅಷ್ಟೇ. ಹತ್ತೊಂಬತ್ತು ವರ್ಷದ ಹುಡುಗ ನಾನು ಹೇಳಿದೆನೆಂದು ಕೈ ಬಚ್ಚಿಟ್ಟುಕೊಂಡು ನಿಂತಿದ್ದನ್ನು ನೋಡಲಾಗಲಿಲ್ಲ. ಊದಿದೆ.

ವೆಂಕಟೇಶ ಚೆಂಡು ಹಿಡಿದೇ ನನ್ನ ಕಡೆ ತಿರುಗಿದ. ಬಸವರಾಜ ಕೈ ಎತ್ತಿ ಫೌಲ್ ಒಪ್ಪಿಕೊಂಡ. ಎಸೆಯುವಾಗ ಆದ ಫೌಲಾದ್ದರಿಂದ ಕುಳ್ಳ ಹುಡುಗನಿಗೆ ಎರಡು ಎಸೆತ ಸಿಕ್ಕವು. ಎರಡನ್ನೂ ಹಾಕಿದ. ಮಾಸ್ತರರು ಗಂಟೆ ಬಾರಿಸಿದರು. ಒಂದು ಪಾಯಿಂಟಿನಿಂದ ಸೋತೆವು.

ನಾನು ಬೆಂಚಿನ ಮೇಲೆ ಕೂತು ಚೆಂಡಿನ ಗಾಳಿ ಬಿಡುತ್ತಿದ್ದೆ. ಬಸವರಾಜ ಬಂದು ಎದುರಿಗೆ ನಿಂತ.

“ನೀವು ಬ್ಯಾಡ ಅಂದಿದ್ರಿ ಅಂತ ಸುಮ್ಮನಾದೆ ಸರ್.”

“ಹೌದಪಾ. ಅಂದದ್ದು ನನ್ನ ತಪ್ಪು.”

“ನಿಮ್ಮ ನೌಕರಿ ಸುದ್ದಿ ನಮಗೆಲ್ಲ ಗೊತ್ತೈತ್ರಿ. ವೆಂಕಟೇಶ ಹೇಳ್ಯಾನ.”

ಇದು ನನಗೆ ಗೊತ್ತಿರಲಿಲ್ಲ. ಮೂರು ಊರುಗಳಲ್ಲೂ ಅವರು ಯಾಕೆ ಅಷ್ಟು ಜೀವ ಬಿಟ್ಟು ಆಡಿದರು ಎಂಬುದು ಆಗ ತಿಳಿಯಿತು. ಚೆಂಡನ್ನು ಕೆಳಗಿಟ್ಟೆ. “ಹೋಗು, ಆ ಹುಡುಗನ್ನ ಮುಟ್ಟಿ ಬಾ,” ಎಂದೆ. ಅವನು ಹೋಗಿ ಬಗ್ಗಿದ. ಕುಳ್ಳ ಹುಡುಗ ಇದೇನೆಂದು ತಿಳಿಯದೆ, ಕೆಳಗೆ ಬಂದ ಕೈಯನ್ನು ಹಿಡಿದು ಜೋರಾಗಿ ಕುಲುಕಿದ. ಇವನು ಕುಲುಕಿಸಿಕೊಂಡ ಕೈಯನ್ನೇ ಕಣ್ಣಿಗೊತ್ತಿಕೊಂಡು ಬಂದ.

ಮತ್ತೆ ಧಾರವಾಡ

ಹಿಂದಿರುಗುವಾಗ ಸಮುದ್ರ ಶಾಂತವಾಗಿತ್ತು, ನನ್ನ ಹೊಟ್ಟೆಯೂ. ಪ್ರಿನ್ಸಿಪಾಲರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಒರೆಸಿದರು.

“ಆ ಸೀಟಿ ನಿಮ್ಮದ ಏನು?”

“ಹೌದ್ರಿ.”

“ಇದನ್ನ ಕಮಿಟಿಯವರಿಗೆ ಹೆಂಗ ಹೇಳ್ಲಿ ದೇವದಾನ?”

“ಸೋತು ಬಂದಾರ ಅಂತ ಅಷ್ಟ ಹೇಳ್ರಿ ಸರ್.”

ಅವರು ಇನ್ನೂ ಏನೇನೋ ಹೇಳಿರಬೇಕು. ಕಮಿಟಿಯವರು ಮಾತ್ರ ಅಷ್ಟನ್ನೇ ಕೇಳಿಸಿಕೊಂಡರು. ಜೂನಿಗೆ ಸುಭೇದಾರರು ಬಂದರು. ದೊಡ್ಡ ಮೀಸೆಯ ಒಳ್ಳೆಯ ಮನುಷ್ಯ. ಬಾಸ್ಕೆಟ್‌ಬಾಲ್ ಅವರಿಗೆ ಹೊಸದು, ಸಂಕೋಚವಿಲ್ಲದೆ ನನ್ನನ್ನು ಕೇಳುತ್ತಾರೆ. ನಾನು ಮೆಲ್ಲಗೆ ಹೇಳಿದ್ದನ್ನು ಅವರು ಗಟ್ಟಿಯಾಗಿ ಹುಡುಗರಿಗೆ ಹೇಳುತ್ತಾರೆ. ನನಗೆ ಬೇಜಾರಾಗಲಿಲ್ಲ ಎನ್ನಲಾರೆ. ಆ ಬೇಜಾರು ಬಹಳ ದಿನ ಇತ್ತು.

ಕರುಣಾಳಿಗೆ ನಾನು ಬಂದ ದಿನವೇ ಎಲ್ಲ ಹೇಳಿದ್ದೆ. ಅವಳು ಅರಬಿ ತಂದು ಇಟ್ಟಾಗಿತ್ತು. ಕೇಳುತ್ತ ಕೇಳುತ್ತ ಅದನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದಳು. ಆಮೇಲೆ ನನಗೆ ರೊಟ್ಟಿ ಬಡಿಸಿದಳು.

ಸುಭೇದಾರರು ಆ ಮನೆ ಹೊಕ್ಕ ವಾರ ಅವರ ಹೆಂಡತಿ ಕರುಣಾಳನ್ನು ಚಹಾಕ್ಕೆ ಕರೆದರು. ಹೋಗುತ್ತಾಳೋ ಇಲ್ಲವೋ ಎಂದುಕೊಂಡಿದ್ದೆ. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದಳು. ಸಂಜೆ ಬಂದು ಪರದೆಯ ಆಚೆ ಒಲೆ ಹೊತ್ತಿಸಿದಳು. ನಾನು ಈಚೆ ಹಾಸಿಗೆಯ ಮೇಲೆ ಕೂತು ಬ್ಲ್ಯಾಡರಿಗೆ ತೇಪೆ ಹಚ್ಚುತ್ತಿದ್ದೆ.

“ಮನಿ ಹೆಂಗೈತಿ?” ಎಂದೆ ಕಡೆಗೆ.

“ಏನ್ ಮನಿನೋ. ಆ ಬಾವಿ ನೀರು ಬರೇ ಸವಳು. ಬ್ಯಾಳಿ ಸೈತ ಬೇಯಂಗಿಲ್ಲಂತ. ಪುಣ್ಯಾಕ್ಕ ನಾವು ಹೋಗಲಿಲ್ಲ ನೋಡ್ರಿ.”

ಆಡುವಾಗ ನಾಲ್ಕು ವರ್ಷ, ಆಡಿಸುವಾಗ ಎಂಟು ವರ್ಷ, ದಿನಾಲೂ ಸಂಜೆ ನಾನು ಆ ಬಾವಿಯ ನೀರನ್ನೇ ಸೇದಿ ಕುಡಿದಿದ್ದೇನೆ. ಅಂಥ ಸಿಹಿನೀರು ಧಾರವಾಡದಲ್ಲಿ ಇನ್ನೊಂದು ಕಡೆ ಇಲ್ಲ. ಅದು ಅವಳಿಗೂ ಗೊತ್ತು.

ನಾನು ಸೀಟಿ ಊದಲಿಲ್ಲ.